ಹತ್ತು ಇಪ್ಪತ್ತಕ್ಕೆ ಕ್ಯಾಪ್ಟನ್ ಮೇಲೆ ಬಂದರು

"ತಲೆ ಕಡೆಯೋರು ಇನ್ನೊಂಚೂರು ಮೇಲೆತ್ತಿ. ಕಾಲಿನ ಕಡೆ ಹಾಗೇ ಹಿಡ್ಕೊಂಡಿರಿ, ಅಲ್ಲಾಡಬೇಡಿ," ಎಂದು ಕೆಳಗಿನ ಮೆಟ್ಟಿಲಿನಿಂದ ಸೌಟಣ್ಣ ಹೇಳಿದ.

ಎತ್ತಲು ಜಾಗವಿರಲಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆಯ ಒಂದು ಮೂಲೆ ಗೋಡೆಗೆ, ಇನ್ನೊಂದು ಮೂಲೆ ಮೆಟ್ಟಿಲ ಕಬ್ಬಿಣದ ಕಂಬಿಗೆ ಕಚ್ಚಿಕೊಂಡು ನಿಂತುಬಿಟ್ಟಿತ್ತು. ತಲೆಯ ಕಡೆ ಹೊತ್ತವರು ಇಬ್ಬರು, ಕೆಳಮನೆಯ ದರ್ಜಿ ಮತ್ತು ಪೈಲಟ್. ಪೈಲಟ್ ಎಂದರೆ ವಿಮಾನದವನಲ್ಲ. ಬಂದರಿಗೆ ಬರುವ ಹಡಗನ್ನು ಸಮುದ್ರದಲ್ಲೇ ಹತ್ತಿ, ದಾರಿ ತೋರಿಸಿ ಕಟ್ಟೆಗೆ ತಂದು ನಿಲ್ಲಿಸುವವನು. ಇಪ್ಪತ್ತು ವರ್ಷ ಆ ಕೆಲಸ ಮಾಡಿ ಹೋದ ತಿಂಗಳಷ್ಟೇ ನಿವೃತ್ತನಾಗಿದ್ದ. ಊರಗಲದ ಹಡಗುಗಳನ್ನು ಇಕ್ಕಟ್ಟಿನಲ್ಲಿ ತಿರುಗಿಸಿದ ಮನುಷ್ಯನಿಗೆ ಆರಡಿಯ ಪೆಟ್ಟಿಗೆಯನ್ನು ಮೆಟ್ಟಿಲಲ್ಲಿ ತಿರುಗಿಸಲು ಬರಲಿಲ್ಲ.

"ಇಲ್ಲೂ ದಿಬ್ಬ ಹತ್ತಿಸಿಬಿಟ್ರಲ್ಲಪ್ಪ ನಮ್ ಭಾವ," ಎಂದ ಕಾಲಿನ ಕಡೆ ಹಿಡಿದಿದ್ದ ಭಾವಮೈದುನ. ಸತ್ತವರ ಹೆಂಡತಿಯ ತಮ್ಮ, ಐಸ್ ಫ್ಯಾಕ್ಟರಿಯಲ್ಲಿ ಕೆಲಸ.

ದರ್ಜಿಗೆ ನಗು ಬಂತು, ಅದನ್ನು ಕೆಮ್ಮಿ ಮುಚ್ಚಿಕೊಂಡ. ಮೇಲಿನ ಬಾಗಿಲಲ್ಲಿ ನಿಂತಿದ್ದ ಸತ್ತವರ ಹೆಂಡತಿಗೂ, ಪೈಲಟ್ ಅತ್ತಿಗೆ ಎಂದು ಕರೆಯುವವರಿಗೂ, ಮಾತು ಕೇಳಿಸಿತು. ತಮ್ಮನನ್ನು ಅವರು ಗದರಲಿಲ್ಲ. "ಗೋಡೆ ಸುಣ್ಣ ಕೀಳಬೇಡ್ರೋ. ಮನೆ ಓನರ್ ಆಮೇಲೆ ನನ್ನ ತಲೆ ತಿಂತಾನೆ," ಎಂದರು.

ಕೊನೆಗೆ ಸೌಟಣ್ಣನೇ ದಾರಿ ಕಂಡುಹಿಡಿದ. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬೀರು ಇಳಿಸುವ ಹಾಗೆ ತಿರುಗಿಸಿ, ಮತ್ತೆ ಮಲಗಿಸಬೇಕು. ಹಾಗೇ ಮಾಡಿದರು. ನಿಲ್ಲಿಸಿದಾಗ ಒಳಗೆ ದೇಹ ಜರುಗಿದ ಸದ್ದು ಪೈಲಟ್‌ನ ಕಿವಿಗೆ ಬಿತ್ತು. ಅವನು ಪೆಟ್ಟಿಗೆಗೆ ಭುಜ ಕೊಟ್ಟು, ಕಣ್ಣು ಮುಚ್ಚಿಕೊಂಡು ನಿಂತ.

ಸತ್ತವರಿಗೆ ಊರಲ್ಲಿ ಇದ್ದ ಹೆಸರು ದಿಬ್ಬದ ಕ್ಯಾಪ್ಟನ್. ಮೂವತ್ತೊಂದು ವರ್ಷದ ಹಿಂದೆ ಹಾಡುಹಗಲಲ್ಲಿ, ತಮ್ಮದೇ ಊರಿನ ಎದುರಿನ ಮರಳುದಿಬ್ಬಕ್ಕೆ ಹಡಗು ಹತ್ತಿಸಿ, ಅದರ ಹೊಟ್ಟೆಯಲ್ಲಿದ್ದ ಎಣ್ಣೆಯನ್ನು ಊರಿನ ದಡಕ್ಕೆ ಸುರಿದವರು. "ಹಗಲು ಕಂಡ ಬಾವಿಗೆ ಇರುಳು ಬೀಳೋದು ಕೇಳಿದ್ವಿ. ಇವರು ಹಗಲೇ ಬಿದ್ರು," ಎಂದು ಮೀನುಗಾರರು ಆಡಿಕೊಂಡರು. ಆಡಿಕೊಂಡವರಲ್ಲಿ ಕ್ಯಾಪ್ಟನ್‌ರ ಮಾವನೂ ಇದ್ದರು. ಎರಡು ವರ್ಷ ಯಾರೂ ಬಲೆ ಬಿಡುವಂತಿರಲಿಲ್ಲ. ಮಾವ ದೋಣಿ ಮಾರಿದರು, ಮಗನನ್ನು ಐಸ್ ಫ್ಯಾಕ್ಟರಿಗೆ ಸೇರಿಸಿದರು, ಅಳಿಯನ ಮನೆಯ ಮೆಟ್ಟಿಲನ್ನು ಸಾಯುವವರೆಗೂ ತುಳಿಯಲಿಲ್ಲ. ಕ್ಯಾಪ್ಟನ್‌ರ ಲೈಸೆನ್ಸ್ ಹೋಯಿತು. ಅವರು ಶಾಲಾ ಬಸ್ಸಿನ ಡ್ರೈವರ್ ಆದರು. ಬಸ್ಸಿನ ಮಕ್ಕಳು ಕೂಡ ಅವರನ್ನು ದಿಬ್ಬ ಅಂಕಲ್ ಎಂದೇ ಕರೆಯುತ್ತಿದ್ದರು, ಯಾಕೆಂದು ಅವಕ್ಕೆ ಗೊತ್ತಿರಲಿಲ್ಲ.

ವ್ಯಾನಿಗೆ ಪೆಟ್ಟಿಗೆ ಏರಿಸಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದಾಗ ಸೌಟಣ್ಣ ಪೈಲಟ್‌ನ ಪಕ್ಕ ಬಂದು ನಿಂತ. ಆ ಹಡಗಿನ ಅಡುಗೆಯವನು ಅವನು, ಈಗ ಎಪ್ಪತ್ತು ದಾಟಿದೆ. ಸೌಟಣ್ಣನೆಂಬ ಹೆಸರು ಹಡಗಿನಲ್ಲೇ ಅಂಟಿದ್ದು.

"ಇವತ್ತಾದ್ರೂ ಹೇಳ್ತೀರೋ ಇಲ್ವೋ, ಥರ್ಡ್ ಸಾರ್?"

ಆ ಹಡಗಿನಲ್ಲಿ ಮೂರನೇ ಅಧಿಕಾರಿಯಾಗಿದ್ದ ಪೈಲಟ್‌ನನ್ನು ಥರ್ಡ್ ಸಾರ್ ಎಂದು ಕರೆಯುವವನು ಈ ಭೂಮಿಯ ಮೇಲೆ ಇನ್ನು ಇವನೊಬ್ಬನೇ ಉಳಿದಿದ್ದ.

"ಹೇಳೋಕೇ ಬಂದಿದ್ದು."

"ಮೂವತ್ತೊಂದು ವರ್ಷದಿಂದ ಹೇಳೋಕೇ ಬರ್ತಿದ್ದೀರಿ. ನಂದೇನಿದೆ, ಹೇಳಿ. ಕ್ಯಾಪ್ಟನ್ ಸಾರ್ ಒಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದ್ರು ನನ್ನ ಹತ್ರ. ನಾನು ಬಾಯಿ ಬಿಡೋ ಹಾಗಿಲ್ಲ. ನಿಮಗೆ ಯಾರ ಆಣೆ ಇದೆ?"

"ಹೇಳ್ತೀನಿ ಸೌಟಣ್ಣ."

"ಮಣ್ಣು ಬೀಳೋದ್ರೊಳಗೆ ಹೇಳಿ. ಆಮೇಲೆ ಹೇಳಿ ಯಾರಿಗೆ ಬೇಕು? ಅವರು ಹೆಂಡ್ತಿ ಮುಂದೆ ಒಂದು ಗಳಿಗೆಯಾದ್ರೂ ಕಳಂಕ ಇಲ್ದೆ ಮಲಗ್ಲಿ."

ಪೈಲಟ್ ತಲೆಯಾಡಿಸಿದ. ಲೈಸೆನ್ಸಿನ ಭಯ ಮುಗಿದ ಮೇಲೆ, ಪಿಂಚಣಿ ಕೈಗೆ ಬಂದ ಮೇಲೆ ಸತ್ಯ ಹೇಳಲು ಹೊರಟಿರುವ ತನ್ನ ಧೈರ್ಯ ಎಂಥದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಧೈರ್ಯ. ಆದರೂ ಹೇಳಲೇಬೇಕೆಂದು ಬೆಳಗಿನಿಂದ ಏನೂ ತಿನ್ನದೆ ಬಂದಿದ್ದ.

*

ಆ ದಿನ ಬಿಸಿಲಿತ್ತು. ಮಂಜಿಲ್ಲ, ಮಳೆಯಿಲ್ಲ, ಗಾಳಿಯೂ ಇಲ್ಲ. ತಪ್ಪು ಹೊರಿಸಲು ಆಕಾಶದಲ್ಲಿ ಏನೂ ಇರಲಿಲ್ಲ. ಸಿಮೆಂಟು ಹೇರಿಕೊಂಡು ಹೊರಟ ಹಡಗು. ಪೈಲಟ್‌ಗೆ ಆಗ ಇಪ್ಪತ್ತಾರು, ಹಡಗಿನಲ್ಲಿ ಮೂರನೇ ಅಧಿಕಾರಿ, ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಅವನ ಪಾಳಿ. ಹಿಂದಿನ ಬಂದರಿನಲ್ಲಿ ಎರಡು ದಿನ ಸರಕು ತುಂಬಿಸುವಷ್ಟೂ ಹೊತ್ತು ಕ್ಯಾಪ್ಟನ್ ಕಣ್ಣು ಮುಚ್ಚಿರಲಿಲ್ಲ. ಎಂಟೂವರೆಗೆ ತೆರೆದ ನೀರು ಸಿಕ್ಕಿದ ಮೇಲೆ, ಹಡಗು ನಡೆಸುವ ಮೇಲ್ಕೋಣೆಯ, ಅಂದರೆ ಬ್ರಿಜ್ಜಿನ, ಹಿಂದೆಯೇ ಇದ್ದ ಪುಟ್ಟ ಕೋಣೆಗೆ ಹೊರಟರು.

"ದೀಪಸ್ತಂಭ ಕಂಡ ಕೂಡಲೆ ಕರಿ. ತಿರುವು ನಾನು ತಗೋತೀನಿ. ಅಲ್ಲಿ ನೀರು ದಿಬ್ಬದ ಕಡೆ ಎಳೆಯುತ್ತೆ. ನಮ್ಮೂರಿನ ನೀರು, ಅದರ ಬುದ್ಧಿ ನನಗೆ ಗೊತ್ತು."

ಹತ್ತೂಕಾಲಿಗೆ ದೀಪಸ್ತಂಭ ಕಂಡಿತು. ಅವನು ಪುಸ್ತಕದಲ್ಲಿ ಹಾಗೆಂದು ಬರೆದು ಕರೆಯಲು ಹೋದ. ಕ್ಯಾಪ್ಟನ್ ಸೋಫಾದ ಮೇಲೆ ಅಡ್ಡಾಗಿದ್ದರು. ಒಂದು ಶೂ ಬಿಚ್ಚಿದ್ದರು, ಇನ್ನೊಂದನ್ನು ಬಿಚ್ಚುವ ಮೊದಲೇ ನಿದ್ದೆ ಬಂದುಬಿಟ್ಟಿತ್ತು. ಬಾಯಿ ತೆರೆದಿತ್ತು. ಗದ್ದದ ಮೇಲೆ ಎರಡು ದಿನದ ಬಿಳಿಗಡ್ಡ. ಅವನಿಗೆ ಅಯ್ಯೋ ಅನ್ನಿಸಿತು. ಇನ್ನು ಹತ್ತು ನಿಮಿಷ ಮಲಗಲಿ ಎಂದುಕೊಂಡ. ಆ ಕನಿಕರದ ಪಕ್ಕದಲ್ಲೇ ಒಂದಿಷ್ಟು ಹೆಮ್ಮೆಯೂ ಕೂತಿತ್ತು, ಅದನ್ನು ಅವನು ಆಮೇಲೆ ಒಪ್ಪಿಕೊಂಡ. ಈ ತಿರುವನ್ನು ನಾಲ್ಕು ಸಲ ನೋಡಿದ್ದೇನೆ, ನಾನೇ ತೆಗೆದುಕೊಳ್ಳಬಲ್ಲೆ ಎನ್ನುವ ಹೆಮ್ಮೆ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಹತ್ತು ಇಪ್ಪತ್ತೈದಕ್ಕೆ ಸೌಟಣ್ಣ ಚಹಾ ತಂದ. ಅವನಿಗೊಂದು ಲೋಟ ಕೊಟ್ಟು, ಇನ್ನೊಂದನ್ನು ಒಳಗೆ ಮಲಗಿದ್ದವರ ತಲೆಯ ಹತ್ತಿರ ಇಟ್ಟು, ಬೆರಳ ತುದಿಯಲ್ಲಿ ನಡೆದು ಹೊರಬಂದ. "ಪಾಪ, ಎಬ್ಬಿಸಬೇಡಿ," ಎಂದು ಪಿಸುಗುಟ್ಟಿ ಹೋದ.

ಮುಂದೆ ಬಲೆ ಬಿಟ್ಟ ಸಣ್ಣ ದೋಣಿಗಳು ಸಿಕ್ಕವು. ಅವನು ಬಳಸಿ ಹೋದ. ಬಳಸಿದ್ದರಲ್ಲಿ ತಿರುವಿಗೆ ತಡವಾಯಿತು. ನೀರು ತನ್ನ ಬುದ್ಧಿ ತೋರಿಸುತ್ತಲೇ ಇತ್ತು. ಕೆಳಗಿನ ಆಳ ಕಡಿಮೆಯಾದರೆ ಕೂಗುವ ಯಂತ್ರವೊಂದು ಬ್ರಿಜ್ಜಿನಲ್ಲಿ ಇತ್ತು. ಬಂದರಿನಲ್ಲಿ ನಿಂತಾಗ ಅದು ಬಿಡದೆ ಕೂಗುತ್ತದೆಂದು ಎಲ್ಲ ಹಡಗಿನವರೂ ಅದರ ಬಾಯಿ ಮುಚ್ಚಿಸುತ್ತಾರೆ, ಹೊರಟ ಮೇಲೆ ಮತ್ತೆ ಬಿಚ್ಚುತ್ತಾರೆ. ಅವನು ಬಿಚ್ಚುವುದನ್ನು ಮರೆತಿದ್ದ.

ಢಮ್ಮೆನ್ನುವ ಸದ್ದೇನೂ ಆಗಲಿಲ್ಲ. ಗಾಡಿ ಕೆಸರಿಗೆ ಇಳಿದ ಹಾಗೆ ಹಡಗು ಮೆಲ್ಲಗೆ ಭಾರವಾಯಿತು, ಮೇಜಿನ ಮೇಲಿನ ಚಹಾ ಲೋಟ ತಾನಾಗಿ ಮುಂದೆ ಸರಿದು ಕೆಳಗೆ ಬಿತ್ತು. ಹಿಂದೆ ನೋಡಿದರೆ ನೀರು ಕಂದುಬಣ್ಣಕ್ಕೆ ತಿರುಗಿತ್ತು. ಗಡಿಯಾರದಲ್ಲಿ ಹತ್ತು ನಲವತ್ತೆರಡು.

ಮರುನಿಮಿಷಕ್ಕೆ ಕ್ಯಾಪ್ಟನ್ ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಬ್ರಿಜ್ಜಿನಲ್ಲಿ ನಿಂತಿದ್ದರು. ಮೊದಲು ಕಿಟಕಿಯಾಚೆ ನೋಡಿದರು, ಆಮೇಲೆ ಅವನನ್ನು ನೋಡಿದರು. ಬೈಯಲಿಲ್ಲ.

"ಎಂಜಿನ್ ನಿಲ್ಲಿಸು."

"ಹಿಂದಕ್ಕೆ ಕೊಡ್ಲಾ ಸಾರ್? ಪೂರ್ತಿ ಜೋರು ಕೊಟ್ರೆ ಬಿಡಿಸ್ಕೊಬಹುದು."

"ಬೇಡ. ಹೊಟ್ಟೆ ಹರಿದಿದ್ಯೋ ಇಲ್ವೋ ಗೊತ್ತಿಲ್ದೆ ಎಳೆದ್ರೆ ಕರುಳೇ ಹೊರಗೆ ಬರುತ್ತೆ. ನಿಲ್ಲಿಸು. ಗಂಟೆ ಬಾರಿಸು. ಕೆಳಗಿನ ಬಾಗಿಲೆಲ್ಲ ಮುಚ್ಚಿಸು. ಜನ ಎಣಿಸೋಕೆ ಹೇಳು."

ಅವರ ದನಿ ದಿನದ ದನಿಯೇ. ಹತ್ತೊಂಬತ್ತು ಜನರೂ ಇದ್ದಾರೆಂದು ತಿಳಿಯಿತು. ಚೀಫ್ ಆಫೀಸರ್‌ನನ್ನು ಕರೆದು ಪ್ರತಿ ತೊಟ್ಟಿಯಲ್ಲೂ ಅಳತೆ ಟೇಪು ಇಳಿಸಿ ನೋಡಲು ಕಳಿಸಿದರು, ಎಲ್ಲಿ ನೀರು ಏರುತ್ತಿದೆ, ಎಲ್ಲಿ ಎಣ್ಣೆ ಇಳಿಯುತ್ತಿದೆ ಎಂದು. ಹಡಗಿನ ಸುತ್ತ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇಳಿಬಿಟ್ಟು ಆಳ ನೋಡಿಸಿದರು. ರೇಡಿಯೋದಲ್ಲಿ ಬಂದರಿಗೆ ಸುದ್ದಿ ಕೊಟ್ಟರು. ನೆಲ ಹತ್ತಿದ ಹಡಗೆಂದು ದೂರದವರಿಗೆ ಗೊತ್ತಾಗಲು ಮೂರು ಕರಿ ಗುಂಡುಗಳನ್ನು ಕಂಬಕ್ಕೆ ಏರಿಸಿದರು. ಆಮೇಲೆ ಉಬ್ಬರವಿಳಿತದ ಪಟ್ಟಿ ತೆರೆದು ಬೆರಳಿಟ್ಟು ನೋಡಿದರು. ನೀರು ಇಳಿಯುತ್ತಿತ್ತು. ಮತ್ತೆ ಏರಲು ಆರು ಗಂಟೆ ಬೇಕು. ಪಟ್ಟಿ ಮುಚ್ಚಿಟ್ಟು, ಆಗಷ್ಟೇ, ಒಂದು ನಿಟ್ಟುಸಿರು ಬಿಟ್ಟರು.

ಇಂಥ ಹೊತ್ತಿನಲ್ಲಿ ಮೂರನೇ ಅಧಿಕಾರಿಯ ಕೆಲಸ ಬರೆಯುವುದು. ಏನಾಯಿತು, ಯಾರು ಏನು ಹೇಳಿದರು, ಎಷ್ಟು ಹೊತ್ತಿಗೆ, ಎಲ್ಲವೂ ಬ್ರಿಜ್ಜಿನ ಪುಸ್ತಕಕ್ಕೆ ಹೋಗಬೇಕು. ಶಾಯಿಯಲ್ಲೇ ಬರೆಯಬೇಕು, ಬರೆದದ್ದನ್ನು ಅಳಿಸುವ ಹಾಗಿಲ್ಲ. ತಪ್ಪಾಗಬಾರದೆಂದು ಅವನು ಮೊದಲು ಒಂದು ಹಳೇ ಹವಾಮಾನದ ಚೀಟಿಯ ಬೆನ್ನಿಗೆ ಗೀಚಿಕೊಂಡಿದ್ದ. ಪುಸ್ತಕದಲ್ಲಿ ಹತ್ತೂಕಾಲಿನ ದೀಪಸ್ತಂಭವೇ ಇನ್ನೂ ಕೊನೆಯ ಸಾಲು.

"ಈಗ ಪುಸ್ತಕಕ್ಕೆ ಏರಿಸು," ಎಂದರು ಕ್ಯಾಪ್ಟನ್. "ಮೊದಲು ಇದನ್ನ ಬರಿ. ಹತ್ತು ಇಪ್ಪತ್ತಕ್ಕೆ ಕ್ಯಾಪ್ಟನ್ ಮೇಲೆ ಬಂದರು. ಹಡಗು ತಮ್ಮ ಕೈಗೆ ತಗೊಂಡರು."

"ಸಾರ್, ನೀವು ಬಂದಿದ್ದು..."

"ಬರಿ."

ಕ್ಯಾಪ್ಟನ್ ಮೇಲೆ ಬಂದು ಹಡಗು ನನ್ನ ಕೈಲಿದೆ ಎಂದ ನಿಮಿಷದಿಂದ ಮುಂದಿನದ್ದೆಲ್ಲ ಅವರದು, ಅದಕ್ಕೆ ಹಿಂದಿನದು ಪಾಳಿಯವನದು. ಹಡಗಿನಲ್ಲಿ ಅಡುಗೆಯವನಿಗೂ ಗೊತ್ತಿರುವ ನಿಯಮ ಅದು.

"ಕರಿ ಅಂದಾಗ ಕರೀಲಿಲ್ಲ ಅಂತಾದ್ರೆ ನಿನ್ನನ್ನ ಇನ್ನೊಂದು ಹಡಗಿಗೆ ಯಾರೂ ಹತ್ತಿಸ್ಕೊಳಲ್ಲ. ನಂಗೆ ಹೇಗಿದ್ರೂ ಬೀಳುತ್ತೆ ಪೆಟ್ಟು. ಮಲಗಿದ್ದ ಕ್ಯಾಪ್ಟನ್ನೂ ಕ್ಯಾಪ್ಟನ್ನೇ. ಇಬ್ರೂ ಯಾಕೆ ಮುಳುಗ್ಬೇಕು? ಮರಳು ತಾನೇ, ಉಬ್ಬರಕ್ಕೆ ಎದ್ದು ಹೋಗ್ತೀವಿ. ಒಂದು ವರ್ಷ ಮನೇಲಿ ಕೂರಿಸ್ತಾರೆ. ನಮ್ಮನೆಯವಳಿಗೆ ಖುಷಿಯೇ."

ಅವನು ಬರೆದ. ಚುಕ್ಕಾಣಿ ಹಿಡಿದಿದ್ದ ನಾವಿಕ ದಿಕ್ಸೂಚಿಯಿಂದ ಕಣ್ಣು ಕೀಳಲಿಲ್ಲ. ಹಡಗು ಹೋಗುತ್ತಿಲ್ಲದಿದ್ದರೂ ಅವನು ಅದನ್ನೇ ನೋಡುತ್ತಿದ್ದ.

ಶಾಯಿ ಆರಿ ಕಾಲುಗಂಟೆಯಾದ ಮೇಲೆ ಚೀಫ್ ಆಫೀಸರ್ ಓಡಿಬಂದ. ಅವನ ಮೊಣಕೈವರೆಗೆ ಕಪ್ಪು ಎಣ್ಣೆ. ಮರಳಿನೊಳಗೆ ಯಾವುದೋ ಹಳೇ ಹಡಗಿನ ಮುರುಕು ಹುದುಗಿತ್ತಂತೆ, ಎರಡು ಎಣ್ಣೆ ತೊಟ್ಟಿಗಳು ಹರಿದಿದ್ದವು. ಉಳಿದ ಎಣ್ಣೆಯನ್ನು ಬೇರೆ ತೊಟ್ಟಿಗೆ ಎಳೆಯಲು ಹೇಳಿ ಕ್ಯಾಪ್ಟನ್ ಬ್ರಿಜ್ಜಿನ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ ಬಗ್ಗಿ ನೋಡಿದರು. ಇಳಿತವಿದ್ದರೂ ಅಲ್ಲಿಯ ಸೆಳೆತ ಎಣ್ಣೆಯನ್ನು ಊರಿನ ಕಡೆಗೇ ಒಯ್ಯುತ್ತಿತ್ತು. ಆಚೆ ದಡದಲ್ಲಿ ಅವರ ಮಾವನ ದೋಣಿ ಕಟ್ಟುವ ಜಾಗ ಬರಿಗಣ್ಣಿಗೆ ಕಾಣುತ್ತಿತ್ತು. ಒಳಗೆ ಬಂದು ಪುಸ್ತಕವನ್ನು ಒಮ್ಮೆ ನೋಡಿದರು, ಅವನನ್ನೂ ನೋಡಿದರು. ಅವನು ಆಗ ಹೇಳಬಹುದಿತ್ತು, ಹೇಳಲಿಲ್ಲ.

*

ವ್ಯಾನಿನ ಹಿಂದೆ ಒಂದೇ ಕಾರು. ಸ್ಮಶಾನಕ್ಕೆ ಹೋಗುವ ದಾರಿ ಶಾಲೆಯ ಮುಂದೆಯೇ ಹಾದುಹೋಗುತ್ತಿತ್ತು. ಗೇಟು ಮುಚ್ಚಿತ್ತು, ಒಳಗೆ ಪಾಠ ನಡೆಯುತ್ತಿತ್ತು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವರಿಗೆ ಅಲ್ಲಿಂದ ಒಂದು ಹೂವೂ ಬಂದಿರಲಿಲ್ಲ.

"ಒಂದೇ ಒಂದು ಸಲಾನೂ ಬಸ್ಸು ಯಾವುದಕ್ಕೂ ತಾಗಿಸಿಲ್ಲ ಭಾವ," ಎಂದ ಭಾವಮೈದುನ, ತನಗೆ ತಾನೇ ಹೇಳಿಕೊಳ್ಳುವಂತೆ. "ಆಮೆ ನಡಿಗೆ. ಮಕ್ಕಳು ದಿನಾ ತಡ. ಹಡಗಿನಲ್ಲಿ ಇಟ್ಕೊಬೇಕಿತ್ತು ಆ ಬುದ್ಧಿನ."

ಅತ್ತಿಗೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದರು. ಅದು ಪ್ರೀತಿಗೋ ತಿರುವಿನಲ್ಲಿ ಜಾರಬಾರದೆಂದೋ ಹೇಳುವಂತಿರಲಿಲ್ಲ. ಅವರು ಬೆಳಗಿನಿಂದ ಅತ್ತಿರಲಿಲ್ಲ.

*

ಆ ಬಸ್ಸನ್ನು ಪೈಲಟ್ ಒಮ್ಮೆ ಹತ್ತಿದ್ದ. ಏಳೆಂಟು ವರ್ಷದ ಹಿಂದಿನ ಮಾತು. ಮಕ್ಕಳನ್ನೆಲ್ಲ ಇಳಿಸಿದ ಮೇಲೆ ಕ್ಯಾಪ್ಟನ್ ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡುತ್ತಿದ್ದರು, ಯಾವುದಾದರೂ ಮಗು ನಿದ್ದೆಹೋಗಿ ಉಳಿದಿದೆಯೇ ಎಂದು. ಅವನನ್ನು ಕಂಡು ಸೊಂಟ ಹಿಡಿದುಕೊಂಡು ನೆಟ್ಟಗಾದರು.

"ಏನಯ್ಯಾ ಥರ್ಡ್. ಈ ತಿಂಗಳು ಎಷ್ಟು ಹಡಗು ತಂದೆ ಒಳಗೆ?"

"ಇಪ್ಪತ್ತಾರು, ಸಾರ್."

"ಎಲ್ಲಾ ತೇಲ್ತಿವೆ ತಾನೇ?" ಎಂದು ನಕ್ಕರು. ಅವರಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ.

ಅವನು ಹೆಚ್ಚು ಹೊತ್ತು ತಡೆಯಲಾರದೆ ಹೇಳಿದ. "ಸಾರ್, ಬೇರೆ ಯಾರಿಗೂ ಬೇಡ, ಅತ್ತಿಗೆಗೊಬ್ಬರಿಗೆ ಹೇಳ್ಬಿಡ್ತೀನಿ. ನನಗೆ ತಡೆಯೋಕಾಗ್ತಿಲ್ಲ."

ಕ್ಯಾಪ್ಟನ್ ಡ್ರೈವರ್ ಸೀಟಿನಲ್ಲಿ ಕೂತು ಸ್ಟಿಯರಿಂಗಿನ ಮೇಲೆ ಕೈಯಿಟ್ಟರು. ಬಸ್ಸು ನಿಂತೇ ಇತ್ತು.

"ಮೊದಲನೇ ವರ್ಷ ಹೇಳ್ಬೇಕಿತ್ತು. ನೀನಾಗೇ ಬಂದು ಹೇಳ್ತೀಯ ಅಂತ ಕಾದೆ, ಸುಳ್ಳು ಯಾಕೆ ಹೇಳ್ಲಿ. ಒಂದೊಂದು ದಿನ ಅವಳು ಜಾಸ್ತಿ ಅಂದಾಗ ನಿನ್ನ ಹೆಸರು ನಾಲಿಗೆ ತುದಿಗೆ ಬಂದಿದ್ದೂ ಇದೆ. ನುಂಗ್ಕೊಂಡೆ. ಅದು ದೊಡ್ಡತನ ಅಂತ ಆಗ ಅನ್ಕೊಂಡಿದ್ದೆ. ಈಗ ಏನಂತ ಗೊತ್ತಿಲ್ಲ."

"ಈಗ ಹೇಳ್ಲಾ ಸಾರ್?"

"ಉಬ್ಬರ ಇದ್ದಾಗ ಎಳೀಬೇಕು ಕಣಯ್ಯ. ಈಗ ನೀರು ಇಳಿದಿದೆ. ಎಳೆದ್ರೆ ಮುರಿಯುತ್ತೆ."

ಏನು ಮುರಿಯುತ್ತದೆಂದು ಅವನು ಕೇಳಲಿಲ್ಲ. ಕ್ಯಾಪ್ಟನ್ ಬೇಡವೆಂದರು ಎನ್ನುವುದಷ್ಟನ್ನೇ ಹಿಡಿದುಕೊಂಡು, ಹಗುರಾಗಿ ಮನೆಗೆ ಹೋಗಿ, ಹೊಟ್ಟೆ ತುಂಬ ಉಂಡು ಮಲಗಿದ್ದ. ಆ ಹಗುರ ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು.

*

ಸ್ಮಶಾನದಲ್ಲಿ ಗುಂಡಿ ಸಿದ್ಧವಿರಲಿಲ್ಲ. ತೋಡಿದ್ದರು, ಆದರೆ ಸಮುದ್ರದ ಹತ್ತಿರದ ಸಡಿಲು ಮಣ್ಣು, ಒಂದು ಗೋಡೆ ಕುಸಿದಿತ್ತು. ಇನ್ನು ಅರ್ಧ ಗಂಟೆ ಬೇಕೆಂದ ಗುಂಡಿ ತೋಡುವವನು. ಗಂಡಸರು ಮರದ ನೆರಳಿಗೆ ಹೋದರು. ಕಚೇರಿಯ ಪಕ್ಕ ಕಾಯುವವರಿಗೆಂದು ಒಂದು ಕೋಣೆ, ಅದರಲ್ಲಿ ಎರಡು ಬೆಂಚು, ಒಂದು ಫ್ಯಾನು. ಅತ್ತಿಗೆ ಒಂದು ಬೆಂಚಿನ ತುದಿಯಲ್ಲಿ ಕೂತು ಪೈಲಟ್‌ನನ್ನು ಕರೆದರು.

"ಬಾಪ್ಪ. ಇಲ್ಲಿ ಕೂತ್ಕೋ. ಅವರ ಕಡೆಯಿಂದ ಅಂತ ಬಂದೋರು ನೀನು, ಸೌಟಣ್ಣ, ಇಬ್ರೇ."

ಅವನು ಕೂತ. ಬಾಗಿಲಾಚೆ ಸೌಟಣ್ಣ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾ ಇತ್ತಲೇ ನೋಡುತ್ತಿದ್ದ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗದೆಂದು ಪೈಲಟ್‌ಗೆ ಗೊತ್ತಾಯಿತು.

"ಅತ್ತಿಗೆ, ನಿಮಗೊಂದು ಮಾತು ಹೇಳ್ಬೇಕು. ಆ ದಿನದ್ದು."

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ," ಎಂದರು ಅತ್ತಿಗೆ. "ಮೊದಲು ನಂದು ಕೇಳಿಸ್ಕೋ. ಆಮೇಲೆ ಹೇಳುವೆಯಂತೆ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

"ಬೆಳಿಗ್ಗೆ ಚಹಾ ಕೊಡುವಾಗ ಒಂದು ಸಲ, ರಾತ್ರಿ ದೀಪ ಆರಿಸುವಾಗ ಒಂದು ಸಲ. ನಮ್ಮಪ್ಪನ ಅನ್ನ ಕಿತ್ಕೊಂಡ್ರಿ, ಕಣ್ಣಿದ್ದೂ ಕುರುಡರ ಹಾಗೆ ಹಡಗು ಹತ್ತಿಸಿದ್ರಿ ಅಂತ. ಮೂವತ್ತೊಂದು ವರ್ಷ. ಒಂದು ದಿನ ಬಿಟ್ಟಿಲ್ಲ ಕಣಪ್ಪ. ಅಪ್ಪ ಸತ್ತ ದಿನ ಊರವರ ಮುಂದೆ ಅವರನ್ನ ಗೇಟಿನಿಂದ ಆಚೆ ಕಳಿಸಿದೆ. ಒಂದು ಸಲನಾದ್ರೂ ತಿರುಗಿ ಬೈದಿದ್ರೆ ನನಗೂ ಸಾಕಾಗ್ತಿತ್ತೇನೋ. ಬೈತಿರ್ಲಿಲ್ಲ. ಹೂಂ ಅಂತಿದ್ರು. ಅವರ ಹೂಂ ಕೇಳಿದ್ರೆ ನನಗೆ ಇನ್ನೂ ಮೈ ಉರೀತಿತ್ತು."

ಫ್ಯಾನು ಕಿರಗುಟ್ಟುತ್ತಾ ತಿರುಗುತ್ತಿತ್ತು. ಪೈಲಟ್ ತನ್ನ ಮಂಡಿಗಳನ್ನು ನೋಡುತ್ತಾ ಕೂತಿದ್ದ.

"ಮೊನ್ನೆ ಮಧ್ಯಾಹ್ನ ಮಂಚದಿಂದ ಏಳೋಕಾಗ್ತಿರ್ಲಿಲ್ಲ. ಕಿಟಕಿ ತೆಗಿಯೇ, ಸಮುದ್ರ ನೋಡ್ತೀನಿ ಅಂದ್ರು. ನಾನೇನಂದೆ ಗೊತ್ತಾ? ನೋಡಬೇಕಾದ ದಿನ ನೋಡ್ಲಿಲ್ಲ, ಈಗೇನು ನೋಡೋದಿದೆ ಅಂದೆ. ತೆಗೀಲಿಲ್ಲ. ಹೂಂ ಅಂದು ಗೋಡೆ ಕಡೆ ಹೊರಳಿದ್ರು. ಸಾಯಂಕ್ರ ಚಹಾ ತಗೊಂಡು ಹೋದ್ರೆ ಹಾಗೇ ಇದ್ರು, ಗೋಡೆ ಕಡೆ."

ಸೌಟಣ್ಣ ಮೂರು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ಅವನನ್ನು ಗಮನಿಸಲಿಲ್ಲ. ಪೈಲಟ್‌ನ ಮುಂಗೈಯನ್ನು ಹಿಡಿದುಕೊಂಡರು. ಅವರ ಬೆರಳುಗಳು ತಣ್ಣಗಿದ್ದವು.

"ಎರಡು ದಿನದಿಂದ ಒಂದೇ ಯೋಚನೆ. ನಾನು ಅಂದಿದ್ದು ನಿಜ ತಾನೇ? ನಿಜ ಆಗಿದ್ರೆ ಹೇಗೋ ಬದುಕ್ತೀನಿ. ಕಟುಕಿ ಅನ್ಲಿ ಜನ, ಸುಳ್ಳಂತೂ ಆಡ್ಲಿಲ್ಲ. ಒಂದು ವೇಳೆ ಅವರದ್ದು ಅಷ್ಟು ತಪ್ಪಿಲ್ಲದೆ ಇದ್ರೆ, ನಾನು ಅನ್ಯಾಯವಾಗಿ ಅಷ್ಟು ವರ್ಷ... ನೀನು ಅಲ್ಲೇ ಇದ್ದೆ. ಕಣ್ಣಾರೆ ಕಂಡೋನು. ಇನ್ಯಾರನ್ನ ಕೇಳ್ಲಿ? ಹೇಳಪ್ಪ. ಹಡಗು ಅವರ ಕೈಲೇ ಇತ್ತು ತಾನೇ?"

ಅವರು ಅವನ ಮುಖವನ್ನೇ ನೋಡುತ್ತಿದ್ದರು. ಎಳೆದರೆ ಮುರಿಯುತ್ತದೆ ಎಂದು ಕ್ಯಾಪ್ಟನ್ ಬಸ್ಸಿನಲ್ಲಿ ಹೇಳಿದ್ದು ಏನನ್ನು ಕುರಿತೆಂದು ಅವನಿಗೆ ಈಗ ತಿಳಿಯಿತು. ಬಾಗಿಲಲ್ಲಿ ಸೌಟಣ್ಣ ಲೋಟಗಳನ್ನು ಹಿಡಿದೇ ನಿಂತಿದ್ದ. ಹೇಳಿದರೆ ಸತ್ತವರ ಕಳಂಕ ತೊಳೆಯುತ್ತದೆ, ಇವನ ಎದೆಯ ಕಲ್ಲೂ ಇಳಿಯುತ್ತದೆ, ಆ ಕಲ್ಲು ಈ ಹೆಂಗಸಿನ ತಲೆಯ ಮೇಲೆ ಬೀಳುತ್ತದೆ. ಹೇಳದಿದ್ದರೆ ಮಣ್ಣಿನೊಳಗೂ ದಿಬ್ಬದ ಕ್ಯಾಪ್ಟನ್ನೇ.

"ಅವರ ಕೈಲೇ ಇತ್ತು ಅತ್ತಿಗೆ," ಎಂದ. "ಹತ್ತು ಇಪ್ಪತ್ತಕ್ಕೇ ಮೇಲೆ ಬಂದಿದ್ರು. ನೀವು ಸುಳ್ಳು ಆಡಿಲ್ಲ."

ಅತ್ತಿಗೆಯ ಹೆಗಲು ಇಳಿಯಿತು. ಬೆಳಗಿನಿಂದ ಮೊದಲ ಬಾರಿಗೆ ಅವರು ಅತ್ತರು. ಹಾಯಾಗಿ ಅತ್ತರು, ಎಷ್ಟೋ ದಿನದಿಂದ ಹೊರಬರದ ಅಳು ಬಂದ ಹಾಗೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ನೀನೇನೋ ಹೇಳ್ಬೇಕು ಅಂದ್ಯಲ್ಲ?" ಎಂದು ಕೇಳಿದರು.

"ಏನಿಲ್ಲ ಅತ್ತಿಗೆ. ಅದನ್ನೇ."

ಸೌಟಣ್ಣ ಒಳಗೆ ಬಂದು ಅತ್ತಿಗೆಗೆ ಒಂದು ಲೋಟ ಕೊಟ್ಟ. ಉಳಿದ ಎರಡನ್ನು ಹಿಡಿದುಕೊಂಡು ಹೊರಗೆ ಹೋಗಿ, ಪೈಲಟ್‌ಗೆ ಕಾಣುವ ಹಾಗೆ, ಒಂದನ್ನು ನೆಲಕ್ಕೆ ಚೆಲ್ಲಿದ. ಇನ್ನೊಂದನ್ನು ತಾನೂ ಕುಡಿಯಲಿಲ್ಲ.

ತಾನು ಈಗ ತೋರಿಸಿದ್ದು ಕನಿಕರವೋ ಹೇಡಿತನವೋ ಪೈಲಟ್‌ಗೆ ಗೊತ್ತಾಗಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಬಾಗಿಲು ಎಳೆದುಕೊಂಡಾಗಲೂ ಗೊತ್ತಾಗಿರಲಿಲ್ಲ. ಹೇಳಲು ಇನ್ನು ಯಾರೂ ಉಳಿದಿಲ್ಲ ಎನ್ನುವುದೊಂದು ಮಾತ್ರ ಅವನಿಗೆ ಸ್ಪಷ್ಟವಾಗಿತ್ತು. ಇನ್ನು ಎಷ್ಟು ವರ್ಷ ಬದುಕಿದರೂ ಇದನ್ನು ಹೊತ್ತುಕೊಂಡೇ ಬದುಕಬೇಕು. ಎದ್ದು ಓಡಿಹೋಗಬೇಕು ಅನ್ನಿಸಿತು.

*

"ಬೇಗ ಬೇಗ ಆಗ್ಲಿ. ಗೋಡೆ ನಿಲ್ತಿಲ್ಲ," ಎಂದ ಗುಂಡಿ ತೋಡುವವನು.

ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದರು. ಈ ಸಲ ಎಲ್ಲೂ ತಾಗಲಿಲ್ಲ. ಭಾವಮೈದುನ ಅಕ್ಕನ ಕಡೆ ನೋಡಿದ. ಮಕ್ಕಳಿಲ್ಲದವರು. ಮೊದಲ ಹಿಡಿ ಮಣ್ಣು ಯಾರು ಹಾಕುವುದೆಂದು ಯಾರೂ ಯೋಚಿಸಿರಲಿಲ್ಲ.

"ನೀನು ಹಾಕೋ," ಎಂದರು ಅತ್ತಿಗೆ ತಮ್ಮನಿಗೆ. ಮತ್ತೆ ಏನೋ ಹೊಳೆದಂತೆ ಪೈಲಟ್‌ನ ಕಡೆ ತಿರುಗಿದರು. "ಬೇಡ. ಇವನು ಹಾಕ್ಲಿ. ಆ ದಿನ ಜೊತೆಗಿದ್ದೋನು ಇವನು."

"ಬೇಡ ಅತ್ತಿಗೆ."

"ಹಾಕಪ್ಪ."

ಪೈಲಟ್ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಅರ್ಧ ಮಣ್ಣು, ಅರ್ಧ ಮರಳು, ಹಸಿಹಸಿ. ಗುಂಡಿಯ ಅಂಚಿಗೆ ಹೋಗಿ ಕೈ ಚಾಚಿದ. ಕೈ ಬಿಚ್ಚಿಕೊಳ್ಳಲಿಲ್ಲ. ಇನ್ನೊಂದು ಕ್ಷಣ ನೋಡಿದ, ಆಗಲೂ ಬಿಚ್ಚಲಿಲ್ಲ. ಬಿಗಿಹಿಡಿದ ಬೆರಳ ಸಂದಿಯಲ್ಲಿ ನೀರು ಜಿನುಗಿತು. ದರ್ಜಿ ಅತ್ತಿತ್ತ ನೋಡಿದ. ಸೌಟಣ್ಣ ಬೆನ್ನು ತಿರುಗಿಸಿ ನಿಂತುಕೊಂಡ.

ಅತ್ತಿಗೆ ಹತ್ತಿರ ಬಂದರು. ಅತ್ತು ಹಗುರಾದ ಮುಖ, ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಎರಡೂ ಕೈಗಳಲ್ಲಿ ಅವನ ಮುಷ್ಟಿಯನ್ನು ಹಿಡಿದುಕೊಂಡರು.

"ನಿನಗೂ ಸಿಟ್ಟಿರುತ್ತೆ ಅವರ ಮೇಲೆ, ನನಗೆ ಗೊತ್ತು," ಎಂದರು ತಗ್ಗಿದ ದನಿಯಲ್ಲಿ. "ಅವರು ಮಾಡಿದ್ದಕ್ಕೆ ಆ ವಯಸ್ಸಲ್ಲಿ ನೀನೂ ವಿಚಾರಣೆ, ಗಿಚಾರಣೆ ಅಂತ ಅಲೆದೆ. ಹೋಗ್ಲಿ ಬಿಡು. ತಪ್ಪು ಮಾಡದೋರು ಯಾರಿದ್ದಾರೆ? ನಾನೂ ಬಿಟ್ಟೆ. ನೀನೂ ಅವರನ್ನ ಕ್ಷಮಿಸಿಬಿಡಪ್ಪ."

ಹೇಳುತ್ತಾ, ಸಣ್ಣ ಮಗುವಿನ ಕೈಯಿಂದ ಏನನ್ನೋ ಬಿಡಿಸಿಕೊಳ್ಳುವ ಹಾಗೆ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಮಣ್ಣು ಅವನ ಅಂಗೈಯಿಂದ ಸ್ವಲ್ಪಸ್ವಲ್ಪವೇ ಜಾರಿ ಕ್ಯಾಪ್ಟನ್‌ರ ಮೇಲೆ ಬಿತ್ತು.